ಮೊದಲ ಒಕ್ಕಲುಗಳ ಕಲ್ಗೋರಿಗಳು: ಅವುಗಳ ವಯಸ್ಸನ್ನು ಅಳೆಯುವುದು ಹೇಗೆ?

ಘಾಟಿ ಸುಬ್ರಹ್ಮಣ್ಯಕ್ಕೆ ಹೋದವರು ಅಲ್ಲಿ ಸಾಲುಸಾಲಾಗಿ ನಿಂತಿರುವ ನಾಗರಕಲ್ಲುಗಳನ್ನು ನೋಡಿಯೇ ಇರುತ್ತಾರೆ. ಹರಕೆ ಹೊತ್ತವರು ಇಂದಿಗೂ ಅವನ್ನು ಪ್ರತಿಷ್ಠಿಸುತ್ತಾರೆ. ನೆನಪು ಅಳಿಯದಿರಲೆಂದು ಕಲ್ಲು ನೆಡುವ ವಾಡಿಕೆ ನಮ್ಮ ನಾಡಿನಲ್ಲಿ ಬಹು ಪುರಾತನವಾದುದು. ದೇವಾಲಯಗಳೂ ಶಾಸನಗಳೂ ಕಾಣಿಸಿಕೊಳ್ಳುವುದಕ್ಕೆ ಎಷ್ಟೋ ಶತಮಾನಗಳ ಮೊದಲೇ ಈ ಸೀಮೆಯಲ್ಲಿ ನೆಲೆಸಿದ್ದ ಜನ ತಮ್ಮ ಮೃತರಿಗಾಗಿ ಬಂಡೆಗಳನ್ನು ನೆಟ್ಟರು. ಅವರ ಹೆಸರಾಗಲಿ ಭಾಷೆಯಾಗಲಿ ಉಳಿದಿಲ್ಲ. ಗೋರಿಗಳು ಮಾತ್ರ ಉಳಿದಿವೆ.

ಬೆಂಗಳೂರಿನಿಂದ ದೇವನಹಳ್ಳಿಗೆ ಹೋಗುವ ದಾರಿಯಲ್ಲಿರುವ ಚಿಕ್ಕಜಾಲದಲ್ಲಿ ಇಂತಹ ಗೋರಿಗಳಿವೆ. ಕೊಪ್ಪಳ ಜಿಲ್ಲೆಯ ಹಿರೇಬೆಣಕಲ್ಲಿನ ಬೆಟ್ಟದ ಮೇಲೆ ಇವು ನೂರಾರು. ಹಳ್ಳಿಗರು ಇವನ್ನು ಪಾಂಡವರ ಮನೆ, ಮೋರಿಯರ ಮನೆ ಎಂದು ಕರೆಯುತ್ತಾರೆ. ನಾಲ್ಕು ಕಡೆ ಚಪ್ಪಡಿಗಳನ್ನು ನಿಲ್ಲಿಸಿ, ಮೇಲೊಂದು ಚಪ್ಪಡಿಯನ್ನು ಮುಚ್ಚಿದರೆ ಕಲ್ಲಿನ ಕೋಣೆಯಾಯಿತು. ಅನೇಕ ಕೋಣೆಗಳ ಒಂದು ಚಪ್ಪಡಿಯಲ್ಲಿ ದುಂಡನೆಯ ಕಂಡಿಯಿರುತ್ತದೆ. ಸುತ್ತಲೂ ಗುಂಡುಕಲ್ಲುಗಳ ವರ್ತುಲ. ಒಳಗೆ ಎಲುಬುಗಳು, ಹೊರಗೆ ಕೆಂಪು ಒಳಗೆ ಕಪ್ಪಾದ ಮಡಕೆಗಳು, ಕಬ್ಬಿಣದ ಆಯುಧಗಳು ದೊರೆಯುತ್ತವೆ. ಇವರಿಗಿಂತ ಹಿಂದಿನ ನವಶಿಲಾಯುಗದ ಜನ ಮನೆಗಳ ನಡುವೆಯೇ ಮಕ್ಕಳನ್ನು ಮಡಕೆಗಳಲ್ಲಿ ಹೂಳುತ್ತಿದ್ದರು. ಊರಿನ ಹೊರಗೆ ಸತ್ತವರಿಗೆಂದೇ ಜಾಗ ಬಿಟ್ಟು, ಟನ್ನುಗಟ್ಟಲೆ ತೂಗುವ ಚಪ್ಪಡಿಗಳನ್ನು ಹಲವರು ಕೂಡಿ ಎಳೆದು ನಿಲ್ಲಿಸಿದರೆಂದರೆ, ಅಲ್ಲಿ ಒಂದು ಸಮುದಾಯ ಬೇರೂರಿತ್ತೆಂದೇ ಅರ್ಥ.

ಅದು ಯಾವ ಕಾಲ? ಕಲ್ಲನ್ನೇ ಪರೀಕ್ಷಿಸಿ ತಿಳಿಯಬಾರದೇ ಎಂದು ವಿದ್ಯಾರ್ಥಿಗಳು ಕೇಳಬಹುದು. ಈ ಭಾಗದ ಕಲ್ಲುಬಂಡೆಗಳ ವಯಸ್ಸು ಇನ್ನೂರು ಕೋಟಿ ವರ್ಷಗಳಿಗೂ ಹೆಚ್ಚು. ಅದು ಬಂಡೆ ಹುಟ್ಟಿದ ಕಾಲವೇ ಹೊರತು ಗೋರಿ ಕಟ್ಟಿದ ಕಾಲವಲ್ಲ. ಮನುಷ್ಯನ ಕೃತ್ಯದ ಜೊತೆಯಲ್ಲಿಯೇ ನಡೆಯತೊಡಗಿದ ಗಡಿಯಾರವೊಂದು ನಮಗೆ ಬೇಕು.

ಅಂತಹ ಒಂದು ಗಡಿಯಾರ ಇದ್ದಿಲಿನಲ್ಲಿದೆ. ವಿಶ್ವಕಿರಣಗಳಿಂದ ಉಂಟಾದ ನ್ಯೂಟ್ರಾನುಗಳು ವಾಯುಮಂಡಲದ ಸಾರಜನಕಕ್ಕೆ ತಾಗಿ ಇಂಗಾಲ-14 ಎಂಬ ವಿಕಿರಣಶೀಲ ಪರಮಾಣುಗಳನ್ನು ನಿರ್ಮಿಸುತ್ತವೆ. ಮರ ಬದುಕಿರುವವರೆಗೂ ಗಾಳಿಯಿಂದ ಇದನ್ನು ಪಡೆಯುತ್ತಲೇ ಇರುತ್ತದೆ. ಸತ್ತ ಮೇಲೆ ಆದಾಯ ನಿಂತು ವ್ಯಯ ಮಾತ್ರ ಉಳಿಯುತ್ತದೆ. 5,730 ವರ್ಷಗಳಲ್ಲಿ ಈ ಪರಮಾಣುಗಳ ಅರ್ಧ ಭಾಗ ಕ್ಷಯಿಸುತ್ತದೆ. ಜೀವಂತ ಸಸ್ಯದ ಒಂದು ಗ್ರಾಂ ಇಂಗಾಲದಲ್ಲಿ ನಿಮಿಷಕ್ಕೆ ಸುಮಾರು 14 ಪರಮಾಣುಗಳು ಕ್ಷಯಿಸಿದರೆ, ಮೂರು ಸಾವಿರ ವರ್ಷ ಹಳೆಯ ಇದ್ದಿಲಿನಲ್ಲಿ ಹತ್ತಕ್ಕಿಂತ ತುಸು ಕಡಿಮೆ. ಈ ವಿಧಾನವನ್ನು ರೂಪಿಸಿದ ಲಿಬ್ಬಿಯವರಿಗೆ 1960ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ವಾಯುಮಂಡಲದಲ್ಲಿ ಇಂಗಾಲ-14ರ ಪ್ರಮಾಣ ಎಲ್ಲ ಕಾಲದಲ್ಲಿಯೂ ಒಂದೇ ಆಗಿರಲಿಲ್ಲವಾದ್ದರಿಂದ, ಮರಗಳ ವಾರ್ಷಿಕ ಉಂಗುರಗಳೊಡನೆ ಹೋಲಿಸಿ ಲೆಕ್ಕವನ್ನು ತಿದ್ದಿಕೊಳ್ಳುತ್ತಾರೆ.

ಎರಡನೆಯ ಗಡಿಯಾರ ಮಡಕೆಯ ಚೂರಿನಲ್ಲಿದೆ. ಜೇಡಿಯಲ್ಲಿ ಬೆರೆತ ಬೆಣಚಿನ ಹರಳುಗಳು ಸುತ್ತಲಿನ ಮಣ್ಣಿನ ವಿಕಿರಣದಿಂದ ಅಲ್ಪಸ್ವಲ್ಪ ಶಕ್ತಿಯನ್ನು ಕೂಡಿಡುತ್ತ ಹೋಗುತ್ತವೆ. ಕುಂಬಾರನ ಆವಿಗೆಯ ಬೆಂಕಿ ಹಳೆಯ ಗಂಟನ್ನೆಲ್ಲ ಖಾಲಿ ಮಾಡುತ್ತದೆ. ಅಂದಿನಿಂದ ಉಳಿತಾಯ ಹೊಸದಾಗಿ ಆರಂಭವಾಗುತ್ತದೆ. ಪ್ರಯೋಗಶಾಲೆಯಲ್ಲಿ ಚೂರನ್ನು ಮತ್ತೆ ಕಾಯಿಸಿದಾಗ ಆ ಶಕ್ತಿ ಮಂದವಾದ ಬೆಳಕಾಗಿ ಹೊರಬೀಳುತ್ತದೆ. ಬೆಳಕನ್ನು ಅಳೆದು, ಮಣ್ಣಿನ ವಿಕಿರಣವನ್ನೂ ಅಳೆದರೆ ಮಡಕೆಯ ವಯಸ್ಸು ತಿಳಿಯುತ್ತದೆ.

ಈ ಅಳತೆಗಳಿಂದ ಚರಿತ್ರೆಯೇ ಬದಲಾಯಿತು. 1947ರಲ್ಲಿ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಉತ್ಖನನ ನಡೆಸಿದ ಮಾರ್ಟಿಮರ್ ವೀಲರ್ ಅವರು, ಇತರ ಕಡೆ ದೊರೆತ ಪಾತ್ರೆ ನಾಣ್ಯಗಳ ಆಧಾರದಿಂದ ಈ ಸಂಸ್ಕೃತಿ ಕ್ರಿ.ಪೂ. 200ರ ಸುಮಾರಿಗೆ ಆರಂಭವಾಯಿತೆಂದು ಊಹಿಸಿದ್ದರು. ಆದರೆ 1965ರಲ್ಲಿ ತುಂಗಭದ್ರೆಯ ದಡದ ಹಳ್ಳೂರಿನಲ್ಲಿ ಎಂ. ಎಸ್. ನಾಗರಾಜರಾಯರು ನಡೆಸಿದ ಉತ್ಖನನದಲ್ಲಿ, ಕಬ್ಬಿಣ ಮೊದಲು ಕಾಣಿಸಿಕೊಂಡ ಪದರದ ಇದ್ದಿಲು ಕ್ರಿ.ಪೂ. 1000ದ ಆಸುಪಾಸನ್ನು ಸೂಚಿಸಿತು. ನಮ್ಮ ಕಬ್ಬಿಣಯುಗದ ಆರಂಭ ಒಮ್ಮೆಲೇ ಎಂಟುನೂರು ವರ್ಷ ಹಿಂದೆ ಸರಿಯಿತು!

ಇಲ್ಲಿ ಒಂದು ಮಾತನ್ನು ಮರೆಯಬಾರದು. ಇದ್ದಿಲಿಗಾಗಲಿ ಚೂರಿಗಾಗಲಿ ಬೆಲೆ ಬರುವುದು ಅದು ಇದ್ದ ಸ್ಥಳದಿಂದ. ಯಾವ ಪದರದಲ್ಲಿ, ಯಾವ ಎಲುಬಿನ ಪಕ್ಕದಲ್ಲಿ ಇತ್ತೆಂಬುದು ತಿಳಿಯದಿದ್ದರೆ, ಎಷ್ಟು ನಿಖರವಾಗಿ ಅಳೆದರೂ ಆ ಅಂಕೆ ಯಾರದೆಂದು ಹೇಳಲಾಗದು. ಕಲ್ಲಿನ ಗಣಿಗಾಗಿ, ನಿವೇಶನಕ್ಕಾಗಿ, ನಿಧಿಯ ಆಸೆಗಾಗಿ ಒಂದು ಗೋರಿಯನ್ನು ಕೆದಕಿದರೆ ಎರಡು ಗಡಿಯಾರಗಳೂ ವ್ಯರ್ಥವಾಗುತ್ತವೆ. ಮತ್ತೆ ಕಲ್ಲು ಜೋಡಿಸಿದರೆ ಗೋರಿಯ ಆಕಾರ ಬರಬಹುದು, ಕಾಲ ಬರುವುದಿಲ್ಲ.

ಆದುದರಿಂದ ನಿಮ್ಮ ಊರಿನ ಹೊಲದಂಚಿನಲ್ಲೋ ಗುಡ್ಡದ ಬುಡದಲ್ಲೋ ಗುಂಡುಕಲ್ಲುಗಳ ವರ್ತುಲ ಕಂಡರೆ ಅಗೆಯಬೇಡಿ, ಏನನ್ನೂ ಎತ್ತಿಕೊಳ್ಳಬೇಡಿ. ಸ್ಥಳವನ್ನು ಗುರುತು ಹಾಕಿ, ಹೆಜ್ಜೆಗಳಿಂದ ವ್ಯಾಸವನ್ನು ಅಳೆದು, ಚಿತ್ರ ತೆಗೆದು ಪುರಾತತ್ತ್ವ ಇಲಾಖೆಗೆ ತಿಳಿಸಿರಿ. ನಮಗಿಂತ ಮೊದಲು ಈ ನೆಲವನ್ನು ಮನೆ ಮಾಡಿಕೊಂಡವರ ಕಥೆ ಅಲ್ಲಿ ಇನ್ನೂ ಓದುವವರಿಗಾಗಿ ಕಾದಿರಬಹುದು.