ಮಿದುಳಿನ ಪಿಸುಮಾತಿಗೊಂದು ಕೋಣೆ

ಮಿದುಳಿನ ಎಂಇಜಿ ಪರೀಕ್ಷೆಗೆ ಬಂದವರನ್ನು ಮೊದಲು ಕೇಳುವುದು ಮೈಮೇಲೆ ಲೋಹ ಏನೇನಿದೆ ಎಂದು. ಬೆಲ್ಟಿನ ಬಕಲ್, ಸೀರೆಗೆ ಚುಚ್ಚಿದ ಪಿನ್ನು, ರವಿಕೆಯ ಕೊಕ್ಕೆ, ಕೂದಲ ಕ್ಲಿಪ್ಪು, ಕೈಗಡಿಯಾರ ಎಲ್ಲವೂ ಹೊರಗೇ ಉಳಿಯಬೇಕು. ಕಣ್ಣಿಗೆ ಮಸ್ಕಾರಾ ಹಚ್ಚಿದ್ದರೆ ಅದನ್ನೂ ಒರೆಸಿಕೊಂಡು ಬರಬೇಕು. ಅಂಥ ಬಣ್ಣಗಳಲ್ಲಿ ಕಬ್ಬಿಣದ ಆಕ್ಸೈಡಿನ ಕಣಗಳಿರಬಹುದು. ರೆಪ್ಪೆ ಬಡಿದಾಗಲೆಲ್ಲ ಅವು ಅಲುಗಾಡುತ್ತವೆ, ಆ ಅಲುಗಾಟವೇ ಯಂತ್ರಕ್ಕೆ ದೊಡ್ಡ ಗದ್ದಲ. ಎಂಆರ್‌ಐ ಕೋಣೆಗೆ ಹೋಗುವಾಗಲೂ ಲೋಹ ತೆಗೆಸುತ್ತಾರೆ, ಆದರೆ ಕಾರಣ ಬೇರೆ. ಅಲ್ಲಿ ಯಂತ್ರದ ಅಯಸ್ಕಾಂತ ಲೋಹವನ್ನು ಸೆಳೆದು ಅಪಾಯ ತಂದೀತು ಎಂಬ ಭಯ. ಎಂಇಜಿ ಯಂತ್ರ ನಮ್ಮ ದೇಹಕ್ಕೆ ಏನನ್ನೂ ಕಳಿಸುವುದಿಲ್ಲ. ಕಿರಣವಿಲ್ಲ, ಚುಚ್ಚುಮದ್ದಿಲ್ಲ, ಸದ್ದೂ ಇಲ್ಲ. ತಲೆಯ ಸುತ್ತ ಕೂತು ಸುಮ್ಮನೆ ಆಲಿಸುತ್ತದೆ.

ಆಲಿಸುವುದು ಏನನ್ನು? ತಂತಿಯಲ್ಲಿ ವಿದ್ಯುತ್ ಹರಿದರೆ ಪಕ್ಕದ ದಿಕ್ಸೂಚಿಯ ಮುಳ್ಳು ಅಲುಗುತ್ತದೆಂದು ಡೆನ್ಮಾರ್ಕಿನ ಊರ್ಸ್ಟೆಡ್ 1820ರಲ್ಲಿ ತೋರಿಸಿದರು. ನರಕೋಶಗಳಲ್ಲಿ ಹರಿಯುವುದೂ ವಿದ್ಯುತ್ತೇ. ಹಾಗಾದರೆ ಯೋಚಿಸುವ ತಲೆಯ ಸುತ್ತಲೂ ಒಂದು ಕಾಂತಕ್ಷೇತ್ರ ಇರಲೇಬೇಕು. ಇದೆ ಕೂಡ. ಆದರೆ ಒಂದು ನರಕೋಶದ ಪಾಲು ಲೆಕ್ಕಕ್ಕೇ ಸಿಗುವಂಥದ್ದಲ್ಲ. ಹತ್ತಾರು ಸಾವಿರ ಕೋಶಗಳು ಅಕ್ಕಪಕ್ಕದಲ್ಲಿ ಒಂದೇ ದಿಕ್ಕಿಗೆ ಮುಖಮಾಡಿ, ಒಂದೇ ಗಳಿಗೆಯಲ್ಲಿ ಮಿಡಿದಾಗ ಮಾತ್ರ ಅಳೆಯಬಹುದಾದಷ್ಟು ಕ್ಷೇತ್ರ ತಲೆಬುರುಡೆಯಾಚೆಗೆ ಬರುತ್ತದೆ. ಹಾಗೆ ಬಂದರೂ ಭೂಮಿಯ ಕಾಂತಕ್ಷೇತ್ರ ಅದರ ಸುಮಾರು 50 ಕೋಟಿ ಪಟ್ಟು ದೊಡ್ಡದು. ಭೂಮಿಯದು ಹೆಚ್ಚುಕಡಿಮೆ ಒಂದೇ ಸಮನೆ ಇರುವುದರಿಂದ ಹೇಗೋ ಸಂಭಾಳಿಸಬಹುದು. ನಿಜವಾಗಿ ಕಾಡುವುದು ಏರಿಳಿಯುವ ಲಿಫ್ಟು, ಬೀದಿಯ ಕಾರು, ಗೋಡೆಯೊಳಗಿನ ವೈರಿಂಗು. ಕೋಣೆಯ ಕಬ್ಬಿಣದ ಕುರ್ಚಿಯನ್ನು ಒಂದಿಷ್ಟು ಸರಿಸಿದರೂ ಮಿದುಳಿನ ಸಂಕೇತ ಅದರಡಿ ಹೂತುಹೋಗುತ್ತದೆ.

ಈ ಕಷ್ಟವನ್ನು ಹೆಗಲಿಗೆ ಹಾಕಿಕೊಂಡವರು ಡೇವಿಡ್ ಕೋಹೆನ್. ಕೆನಡಾದ ವಿನಿಪೆಗ್‌ನಲ್ಲಿ 1927ರಲ್ಲಿ ಹುಟ್ಟಿ, ಅಮೆರಿಕದ ಬರ್ಕ್ಲಿಯಲ್ಲಿ ಪರಮಾಣು ಭೌತವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದವರು. ವೈದ್ಯಕೀಯ ಓದಿದವರಲ್ಲ. ಆದರೆ ಬೇಡದ ಕಾಂತಕ್ಷೇತ್ರವನ್ನು ಹೊರಗೇ ತಡೆಯುವ ವಿದ್ಯೆ ಅವರಿಗೆ ಗೊತ್ತಿತ್ತು, ಕಣಭೌತವಿಜ್ಞಾನದ ಪ್ರಯೋಗಗಳಲ್ಲಿ ಅದು ನಿತ್ಯದ ಕೆಲಸ. 1963ರಲ್ಲಿ ಸಿರಾಕ್ಯೂಸ್‌ನ ಬೌಲ್ ಮತ್ತು ಮೆಕ್‌ಫೀ ಎಂಬಿಬ್ಬರು ಮನುಷ್ಯನ ಹೃದಯದ ಕಾಂತಕ್ಷೇತ್ರವನ್ನು ಮೊದಲ ಬಾರಿಗೆ ಅಳೆದಿದ್ದರು. ಊರಿನ ಗದ್ದಲ ತಪ್ಪಿಸಿಕೊಳ್ಳಲು ಅವರು ಬಯಲಿಗೆ ಹೋಗಿ, 20 ಲಕ್ಷ ಸುತ್ತಿನ ತಂತಿಸುರುಳಿಗಳನ್ನು ಎದೆಯ ಮುಂದೆ ಹಿಡಿದಿದ್ದರು. ಇದನ್ನು ಓದಿದ ಕೋಹೆನ್ ಯೋಚನೆ ಇನ್ನೊಂದು ದಾರಿ ಹಿಡಿಯಿತು. ಗದ್ದಲದಿಂದ ದೂರ ಓಡುವ ಬದಲು ಊರಿನ ನಡುವೆಯೇ ಗದ್ದಲ ನುಗ್ಗದಂಥ ಕೋಣೆ ಕಟ್ಟಿದರಾಯಿತು.

ಅಂಥ ಕೋಣೆಯ ಗೋಡೆಗೆ ನಿಕ್ಕಲ್ ಮತ್ತು ಕಬ್ಬಿಣ ಬೆರೆತ ಒಂದು ವಿಶೇಷ ಮಿಶ್ರಲೋಹ ಬೇಕು. ಕಾಂತರೇಖೆಗಳಿಗೆ ಗಾಳಿಗಿಂತ ಈ ಲೋಹದಲ್ಲಿ ಸಾಗುವುದು ಬಹಳ ಸುಲಭ. ಹಂಚಿನ ಮಾಡಿನ ಮೇಲೆ ಬಿದ್ದ ಮಳೆ ಒಳಗಿಳಿಯದೆ ಇಳಿಜಾರಿನಗುಂಟ ಸೂರಿನಂಚಿಗೆ ಹರಿದುಹೋಗುವಂತೆ, ಹೊರಗಿನಿಂದ ಬಂದ ಕ್ಷೇತ್ರ ಗೋಡೆಯೊಳಗೇ ಸುತ್ತುಹಾಕಿ ಆಚೆ ಹೋಗಿಬಿಡುತ್ತದೆ. ಬೇಗಬೇಗ ಏರಿಳಿಯುವ ಕ್ಷೇತ್ರಗಳನ್ನು ತಡೆಯಲು ಅಲ್ಯೂಮಿನಿಯಂ ಪದರವೂ ಬೇಕು. ಅವು ತಾಗಿದ ಕೂಡಲೇ ಅಲ್ಯೂಮಿನಿಯಂನಲ್ಲಿ ಸುಳಿಪ್ರವಾಹ ಹುಟ್ಟಿ ಎದುರು ಕ್ಷೇತ್ರವೊಂದನ್ನು ಒಡ್ಡುತ್ತದೆ.

ಶಿಕಾಗೋದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಕಟ್ಟಿದ ಇಂಥ ಕೋಣೆಯಲ್ಲಿ ಕೋಹೆನ್ ಮೊದಲು ಹೃದಯವನ್ನು ಅಳೆದರು, ಆಮೇಲೆ ಮಿದುಳಿಗೆ ಕೈಹಾಕಿದರು. ಆರಿಸಿಕೊಂಡದ್ದು ಆಲ್ಫಾ ಲಯವನ್ನು. ಕಣ್ಣು ಮುಚ್ಚಿ ನಿರಾಳವಾಗಿ ಕುಳಿತರೆ ತಲೆಯ ಹಿಂಭಾಗದಲ್ಲಿ ಸೆಕೆಂಡಿಗೆ ಸುಮಾರು 10 ಬಾರಿ ಏಳುವ ಅಲೆ ಅದು, ಕಣ್ಣು ತೆರೆದರೆ ಅಡಗುತ್ತದೆ. ಕೈಯಲ್ಲಿದ್ದ ಉಪಕರಣ 10 ಲಕ್ಷ ಸುತ್ತಿನ ತಾಮ್ರದ ಸುರುಳಿ. ತಾಮ್ರದೊಳಗಿನ ಎಲೆಕ್ಟ್ರಾನುಗಳು ಬಿಸುಪಿನಿಂದ ನಡುಗುವ ಸದ್ದೇ ಮಿದುಳಿನ ಸಂಕೇತವನ್ನು ಮುಚ್ಚಿಹಾಕುವಷ್ಟಿತ್ತು. ಅದಕ್ಕೆ ಅವರು ಮಾಡಿದ ಉಪಾಯ ಸರಳ. ಮಿದುಳಿನ ವಿದ್ಯುತ್ತನ್ನು ಅಳೆಯಲು ನೆತ್ತಿಗೆ ಅಂಟಿಸಿದ ಇಇಜಿ ತಂತಿ ಅಲೆ ಎದ್ದ ಗಳಿಗೆಯನ್ನು ಹೇಳುತ್ತಿತ್ತು. ಆಯಾ ಗಳಿಗೆಗೆ ಸುರುಳಿ ದಾಖಲಿಸಿದ್ದನ್ನು ಒಂದರ ಮೇಲೊಂದು ಕೂಡಿಸುತ್ತ ಹೋದರು. ಗದ್ದಲಕ್ಕೆ ಲಯವಿಲ್ಲ, ಕೂಡಿಸಿದಷ್ಟೂ ತನ್ನನ್ನು ತಾನೇ ಅಳಿಸಿಕೊಳ್ಳುತ್ತದೆ. ಅಲೆ ಮಾತ್ರ ಬೆಳೆಯುತ್ತದೆ. 1968ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂದ ಆ ಲೇಖನದಿಂದ ಮ್ಯಾಗ್ನೆಟೋಎನ್ಸೆಫಲೋಗ್ರಫಿ, ಅಂದರೆ ಎಂಇಜಿ, ಶುರುವಾಯಿತು.

ಆದರೆ ಪ್ರತಿ ರೋಗಿಗೂ ಹೀಗೆ ಗಂಟೆಗಟ್ಟಲೆ ಕೂಡಿಸುತ್ತ ಕೂರಲಾಗದು. ಹೆಚ್ಚು ಸೂಕ್ಷ್ಮವಾದ ಕಿವಿ ಬೇಕಿತ್ತು. ಆ ಕಿವಿ ಫೋರ್ಡ್ ಕಾರು ಕಂಪನಿಯ ಸಂಶೋಧನಾಲಯದಲ್ಲಿ ತಯಾರಾಗಿತ್ತು. ಎರಡು ಸೂಪರ್‌ಕಂಡಕ್ಟರುಗಳ ನಡುವೆ ಅತಿ ತೆಳುವಾದ ತಡೆ ಇದ್ದರೂ ಎಲೆಕ್ಟ್ರಾನ್ ಜೋಡಿಗಳು ಹಾಯ್ದುಹೋಗುತ್ತವೆ ಎಂದು 1962ರಲ್ಲಿ ಕೇಂಬ್ರಿಜ್‌ನ 22 ವರ್ಷದ ವಿದ್ಯಾರ್ಥಿ ಬ್ರಯನ್ ಜೋಸೆಫ್ಸನ್ ಲೆಕ್ಕಹಾಕಿ ಹೇಳಿದ್ದರು. ಆ ತತ್ವದ ಮೇಲೆ ಕೆಲಸಮಾಡುವ ಪುಟ್ಟ ಉಂಗುರವೇ ಸ್ಕ್ವಿಡ್. ಮೈನಸ್ 269 ಡಿಗ್ರಿಯ ದ್ರವ ಹೀಲಿಯಂನಲ್ಲಿ ಮುಳುಗಿಸಿಟ್ಟರೆ, ಉಂಗುರದ ಮೂಲಕ ಹಾಯುವ ಕಾಂತಕ್ಷೇತ್ರ ಕೂದಲೆಳೆಯಷ್ಟು ಬದಲಾದರೂ ಅದರ ವೋಲ್ಟೇಜಿನಲ್ಲಿ ಗೊತ್ತಾಗುತ್ತದೆ. ಇದನ್ನು ರೂಪಿಸಿದವರಲ್ಲಿ ಜಿಮ್ ಜಿಮರ್‌ಮನ್ ಮುಖ್ಯರು. ಅವರ ಬಳಿ ಕಿವಿಯಿತ್ತು, ನಿಶ್ಶಬ್ದವಿರಲಿಲ್ಲ. ಅಷ್ಟರಲ್ಲಿ ಕೋಹೆನ್ ಎಂಐಟಿಗೆ ಹೋಗಿ, ಚೆಂಡಿನಂತೆ ಕಾಣುವ 26 ಮುಖಗಳ ಹೊಸ ಕೋಣೆ ಕಟ್ಟಿದ್ದರು. 1969ರ ಡಿಸೆಂಬರ್ ಕೊನೆಯಲ್ಲಿ ಜಿಮರ್‌ಮನ್ ತಮ್ಮ ಸ್ಕ್ವಿಡ್ ಹೊತ್ತುಕೊಂಡು ಅಲ್ಲಿಗೆ ಬಂದರು. ಎಲ್ಲ ಸಿದ್ಧವಾದ ಮೇಲೆ ಬಟ್ಟೆ ಕಳಚಿ, ಬರೀ ಚಡ್ಡಿಯಲ್ಲಿ ಕೋಣೆಯೊಳಗೆ ನಿಂತವರು ಜಿಮರ್‌ಮನ್ ಅವರೇ. ಅಂದು ದಾಖಲಾದದ್ದು ಅವರ ಹೃದಯದ ಮಿಡಿತ. ಕೂಡಿಸುವ ಕಸರತ್ತಿಲ್ಲದೆ, ಆಸ್ಪತ್ರೆಯ ಇಸಿಜಿ ಗೆರೆಯಷ್ಟು ಸ್ಪಷ್ಟವಾಗಿತ್ತು. 1972ರಲ್ಲಿ ಕೋಹೆನ್ ಮಿದುಳಿನ ಅಲೆಯನ್ನೂ ಹೀಗೆಯೇ ನೇರವಾಗಿ ದಾಖಲಿಸಿದರು.

ಎಂಇಜಿಯ ಕಥೆ ಹೇಳುವವರು ಸಾಮಾನ್ಯವಾಗಿ ಸ್ಕ್ವಿಡ್‌ನ ಗುಣಗಾನ ಮಾಡುತ್ತಾರೆ. ಅದು ತಪ್ಪಲ್ಲ. ಆದರೆ ನನಗೆ ಆ ಕೋಣೆಯೇ ದೊಡ್ಡದಾಗಿ ಕಾಣುತ್ತದೆ. ಕೋಹೆನ್ ಅದರಲ್ಲಿ ಮಿದುಳನ್ನಷ್ಟೇ ಅಳೆಯಲಿಲ್ಲ ಎಂಬುದೂ ಇದಕ್ಕೊಂದು ಕಾರಣ. ಕೆಲವರಿಗೆ ನಿರಪಾಯಕಾರಿಯಾದ ಕಬ್ಬಿಣದ ಆಕ್ಸೈಡ್ ಧೂಳನ್ನು ಚೂರೇ ಚೂರು ಉಸಿರಾಡಲು ಕೊಟ್ಟರು. ಆಗಾಗ ಅವರ ಎದೆಗೆ ಹೊರಗಿನಿಂದ ಅಯಸ್ಕಾಂತ ಹಿಡಿದು ಆ ಧೂಳಿಗೆ ಕಾಂತತ್ವ ತುಂಬಿ, ಕೋಣೆಯೊಳಗೆ ನಿಲ್ಲಿಸಿ ಶ್ವಾಸಕೋಶದಲ್ಲಿ ಇನ್ನೆಷ್ಟು ಉಳಿದಿದೆ ಎಂದು ಅಳೆದರು. ಸುಮಾರು ವರ್ಷ ಕಳೆದಾಗ ಸಿಗರೇಟು ಸೇದದವರಲ್ಲಿ ಉಳಿದದ್ದು ಶೇ. 10ರಷ್ಟು. ಸೇದುವವರಲ್ಲಿ ಅರ್ಧದಷ್ಟು ಧೂಳು ಹಾಗೇ ಕೂತಿತ್ತು. 1979ರಲ್ಲಿ ಪ್ರಕಟವಾದ ಫಲಿತಾಂಶ ಇದು. ಹೊಗೆ ಶ್ವಾಸಕೋಶದ ಗುಡಿಸುವ ಶಕ್ತಿಯನ್ನೇ ಕುಂದಿಸುತ್ತದೆ ಎಂಬುದನ್ನು ಎದೆಗೆ ಸೂಜಿ ತಾಗಿಸದೆಯೇ ತೋರಿಸಿಕೊಟ್ಟ ಪ್ರಯೋಗ.

ಇಂದಿನ ಎಂಇಜಿಯಲ್ಲಿ ತಲೆ ಹುದುಗಿಸುವ ಹೆಲ್ಮೆಟ್ ಇರುತ್ತದೆ. ಒಂದು ಮಾದರಿಯಲ್ಲಿ ಅದರೊಳಗೆ 102 ಕಡೆ ಮೂರು ಮೂರರಂತೆ 306 ಸಂವೇದಕಗಳು. ಇಂಥ ಯಂತ್ರ ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಇದೆ. ಮೂರ್ಛೆರೋಗಕ್ಕೆ ಮಾತ್ರೆ ಕೆಲಸ ಮಾಡದೆ ಶಸ್ತ್ರಚಿಕಿತ್ಸೆಯೊಂದೇ ದಾರಿ ಎಂದಾದಾಗ, ರೋಗದ ಕಿಡಿ ಹಾರುವ ಜಾಗ ನಿಖರವಾಗಿ ಗೊತ್ತಿರಬೇಕು. ಇಇಜಿಯ ವಿದ್ಯುತ್ ಸಂಕೇತ ತಲೆಬುರುಡೆ ದಾಟುವಾಗ ಕಲಸಿಹೋಗುತ್ತದೆ. ಕಾಂತಕ್ಷೇತ್ರಕ್ಕೆ ಮೂಳೆ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಎಫ್ಎಂಆರ್‌ಐ ತೋರಿಸುವುದು ರಕ್ತದ ಆಮ್ಲಜನಕದ ಏರುಪೇರನ್ನು, ಅದು ನರಕೋಶಗಳ ಮಿಡಿತಕ್ಕಿಂತ ಸೆಕೆಂಡುಗಳಷ್ಟು ಹಿಂದೆ ಬೀಳುತ್ತದೆ. ಎಂಇಜಿ ಮಿಲಿಸೆಕೆಂಡಿನ ಲೆಕ್ಕದಲ್ಲಿ ಬೆನ್ನಟ್ಟುತ್ತದೆ. ಅದಕ್ಕೂ ಮಿತಿಗಳಿವೆ. ಮಿದುಳಿನ ಮಡಿಕೆಗಳ ಗೋಡೆಯಲ್ಲಿ ಹರಿಯುವ ಪ್ರವಾಹ ಅದಕ್ಕೆ ಚೆನ್ನಾಗಿ ಕಾಣುತ್ತದೆ. ತಲೆಬುರುಡೆಗೆ ನೇರ ಲಂಬವಾಗಿ ಹರಿಯುವುದು ಹೆಚ್ಚುಕಡಿಮೆ ಕಾಣುವುದೇ ಇಲ್ಲ. ಆಳಕ್ಕೆ ಹೋದಷ್ಟೂ ಸಂಕೇತ ಕ್ಷೀಣಿಸುತ್ತದೆ.

ದ್ರವ ಹೀಲಿಯಂ ದುಬಾರಿ. ಅದನ್ನು ತುಂಬಿದ ದೊಡ್ಡ ಫ್ಲಾಸ್ಕಿನಡಿ ತಲೆ ಅಲುಗಿಸದೆ ಕೂರುವುದು ದೊಡ್ಡವರಿಗೇ ಕಷ್ಟ, ಮಕ್ಕಳಿಗಂತೂ ಹೇಳಲೇಬೇಕಿಲ್ಲ. ಬ್ರಿಟನ್ನಿನ ನಾಟಿಂಗ್‌ಹ್ಯಾಮ್ ಮತ್ತು ಲಂಡನ್‌ನ ತಂಡಗಳು ಇದಕ್ಕೊಂದು ಪರಿಹಾರ ಹುಡುಕಿ 2018ರಲ್ಲಿ ಪ್ರಕಟಿಸಿದವು. ಸ್ಕ್ವಿಡ್ ಬದಲಿಗೆ ರುಬಿಡಿಯಂ ಆವಿ ತುಂಬಿದ ಪುಟ್ಟ ಗಾಜಿನ ಡಬ್ಬಿ, ಅದರ ಮೂಲಕ ಲೇಸರ್ ಬೆಳಕು. ಕಾಂತಕ್ಷೇತ್ರ ಬದಲಾದರೆ ಆವಿಯನ್ನು ದಾಟಿಬರುವ ಬೆಳಕಿನ ಪ್ರಮಾಣ ಬದಲಾಗುತ್ತದೆ. ಹೀಲಿಯಂನ ಹಂಗಿಲ್ಲ. ತಲೆಯ ಅಳತೆಗೆ ತಯಾರಿಸಿದ ಹೆಲ್ಮೆಟ್ ಧರಿಸಿದವರು ತಲೆಯಾಡಿಸುತ್ತ, ಪಾನೀಯ ಕುಡಿಯುತ್ತ, ಬ್ಯಾಟಿನಿಂದ ಚೆಂಡು ಪುಟಿಸುತ್ತ ಇರುವಾಗಲೇ ಅವರ ಮಿದುಳಿನ ಸಂಕೇತ ದಾಖಲಾಯಿತು. ಈ ಸಂವೇದಕಗಳು ಕೆಲಸಮಾಡಲು ಸುತ್ತಲಿನ ಕ್ಷೇತ್ರ ಸೊನ್ನೆಗೆ ಬಹಳ ಹತ್ತಿರವಿರಬೇಕು. ಅದಕ್ಕಾಗಿ ಆ ತಂಡ ಕೂತವರ ಎರಡೂ ಪಕ್ಕಕ್ಕೆ ಹೆಚ್ಚುವರಿ ತಂತಿಸುರುಳಿಗಳ ಹಲಗೆಗಳನ್ನು ನಿಲ್ಲಿಸಿ, ಅಳಿದುಳಿದ ಕ್ಷೇತ್ರವನ್ನು ಅಳಿಸಬೇಕಾಯಿತು. ಅದೂ ಸಾಲದು. ಚೆಂಡಾಟ ನಡೆದದ್ದು ಪದರ ಪದರ ಲೋಹದ ಗೋಡೆಯ ಕೋಣೆಯಲ್ಲಿ, ಬಾಗಿಲು ಭದ್ರವಾಗಿ ಮುಚ್ಚಿದ ಮೇಲೆ.