ನಿಮಗಿದು ಗೊತ್ತೆ? ಸೊಳ್ಳೆ ಕಡಿತಕ್ಕೆ ಒಂದಾಣೆ ಕೂಲಿ!

ಮನುಷ್ಯರ ಮಲೇರಿಯಾ ರೋಗಾಣು ಸೊಳ್ಳೆಯ ಹೊಟ್ಟೆಯಲ್ಲಿ ಬೆಳೆಯುವುದು ಮೊದಲು ಕಂಡದ್ದು ಸಿಕಂದರಾಬಾದಿನಲ್ಲಿ. ಅದು ಆಗ ನಿಜಾಮರ ಸೀಮೆ. 1897ರ ಆಗಸ್ಟ್ 20ರಂದು ಸೇನಾ ವೈದ್ಯ ರೊನಾಲ್ಡ್ ರಾಸ್ ಸೊಳ್ಳೆಯ ಜಠರ ಸೀಳಿ ಸೂಕ್ಷ್ಮದರ್ಶಕದಲ್ಲಿ ನೋಡಿದರು: ಗೋಡೆಗಂಟಿದ ದುಂಡನೆಯ ಕೋಶಗಳು, ಒಳಗೆ ಕಪ್ಪು ಕಣಗಳು! ಆ ಸೊಳ್ಳೆಗೆ ರಕ್ತ ಕೊಟ್ಟವನು ಹುಸೇನ್ ಖಾನ್ ಎಂಬ ರೋಗಿ. ಒಂದು ಕಡಿತಕ್ಕೆ ಒಂದಾಣೆ. 1902ರಲ್ಲಿ ನೊಬೆಲ್ ಬಂದದ್ದು ಮಾತ್ರ ರಾಸ್ ಅವರಿಗೆ.

ಅದಕ್ಕೂ ಮೊದಲು, 1883ರಲ್ಲಿ ಬೆಂಗಳೂರಿನ ದಂಡಿನಲ್ಲಿದ್ದಾಗ, ಕಿಟಕಿಯಾಚೆಯ ತೊಟ್ಟಿಯಲ್ಲಿ ಸೊಳ್ಳೆಮರಿಗಳನ್ನು ಕಂಡು ನೀರು ಚೆಲ್ಲಿಸಿದ್ದರು. ಕಾಟ ಇಳಿಯಿತು. ಉಳಿದ ಡಬ್ಬಿ, ಹೂದಾನಿಗಳನ್ನೂ ಖಾಲಿ ಮಾಡೋಣವೆಂದರೆ ದಂಡಿನ ಅಧಿಕಾರಿ ಒಪ್ಪಲಿಲ್ಲ. ಪ್ರಕೃತಿಯ ಕ್ರಮ ಕೆಡುತ್ತದಂತೆ!