ಮೈದಾನದ ಮೂಲೆಯಲ್ಲಿ ಸಿಕ್ಕಿದ ಸೂಜಿ

ನಮ್ಮ ತರುಣರು ಹಗಲೆಲ್ಲ ಹೋಟೆಲಿನ ಗಲ್ಲೆಯಲ್ಲೋ ಭಟ್ಟಿಯ ಮುಂದೆಯೋ ಕಚೇರಿಯ ಮೇಜಿನ ಬಳಿಯೋ ದುಡಿದು, ವಾರಕ್ಕೊಂದು ರಜೆಯ ದಿನ ಕಬಡ್ಡಿಯಂಗಳಕ್ಕೋ ವಾಲಿಬಾಲಿನ ಬಲೆಯ ಬಳಿಗೋ ಓಡುವುದನ್ನು ಕಂಡಾಗ ಯಾರ ಮನಸ್ಸಿಗಾದರೂ ಹಿತವಾಗದೆ ಇರದು. ಪರವೂರಿನಲ್ಲಿ ಆಟದ ಕ್ಲಬ್ಬೆಂದರೆ ಬರಿಯ ಆಟವಲ್ಲ. ಅದು ಊರಿನ ಮಾತು, ಊರಿನ ಸುದ್ದಿ, ಕಷ್ಟ ಬಂದಾಗ ಕೈಸಾಲ. ಇಂಥ ಕ್ಲಬ್ಬಿನ ಕೋಣೆಯನ್ನು ಒಂದು ಬೆಳಿಗ್ಗೆ ಗುಡಿಸುವಾಗ ಬೆಂಚಿನ ಅಡಿಯಲ್ಲಿ ಬಳಸಿದ ಸೂಜಿಯೊಂದು ಸಿಕ್ಕಿತೆಂದು ಇಟ್ಟುಕೊಳ್ಳೋಣ. ಕಾರ್ಯದರ್ಶಿಯಾದವನು ಏನು ಮಾಡಬೇಕು?

ಇದು ವೃಥಾ ಭೀತಿಯೆಂದು ವಾಚಕರು ತಿಳಿಯಬಾರದು. 2023ನೆಯ ಇಸವಿಯ ಅಕ್ಟೋಬರದಲ್ಲಿ ಮುಂಬಯಿಯ ಪೊಲೀಸರು ನಾಶಿಕದ ಬಳಿಯ ಶಿಂದೆ ಗ್ರಾಮದಲ್ಲಿ ಮೆಫೆಡ್ರೋನ್ ತಯಾರಿಸುತ್ತಿದ್ದ ಕಾರಖಾನೆಯನ್ನೇ ಪತ್ತೆ ಹಚ್ಚಿದರು. ಈ ಪ್ರಕರಣದಲ್ಲಿ ಹಿಡಿದ ಮಾಲು ನೂರು ಕಿಲೋಗೂ ಮಿಕ್ಕಿತ್ತು. ಅದೇ ತಿಂಗಳು ಕೇಂದ್ರ ಕಂದಾಯ ಗುಪ್ತಚರ ಇಲಾಖೆಯವರೂ ಅಹಮದಾಬಾದಿನ ಪೊಲೀಸರೂ ಕೂಡಿ ಛತ್ರಪತಿ ಸಂಭಾಜಿನಗರದಲ್ಲಿಯೂ ಪೈಠಣದ ಕೈಗಾರಿಕಾ ವಲಯದಲ್ಲಿಯೂ ದಾಳಿ ಮಾಡಿ, ಕೊಕೇನ್, ಮೆಫೆಡ್ರೋನ್, ಕೆಟಮಿನ್‌ಗಳನ್ನು ವಶಪಡಿಸಿಕೊಂಡರು. ಅವುಗಳ ಬೆಲೆಯನ್ನು 250 ಕೋಟಿ ರೂಪಾಯಿಗೂ ಮೇಲೆಂದು ಅಂದಾಜಿಸಲಾಯಿತು. ‘ಎಂ.ಡಿ.’ ಎಂಬ ಎರಡಕ್ಷರದಿಂದ ಪೇಟೆಯಲ್ಲಿ ಕರೆಯಲ್ಪಡುವ ಮೆಫೆಡ್ರೋನ್ 2015ರ ಫೆಬ್ರವರಿಯಿಂದ ಕಾನೂನಿನಲ್ಲಿ ಮಾದಕ ವಸ್ತುಗಳ ಪಟ್ಟಿಗೆ ಸೇರಿದೆ. ನಾಶಿಕ ಜಿಲ್ಲೆಯ ಮಾಲೇಗಾಂವಿನಲ್ಲಿ ‘ಕುತ್ತಾ ಗೋಲಿ’ ಎಂಬ ಹೆಸರಿನಿಂದ ಮಾರಾಟವಾಗುವುದು ಆಲ್ಪ್ರಜೋಲಾಂ. ಕಳವಳಕ್ಕೆ ವೈದ್ಯರು ಬರೆದುಕೊಡುವ ಮಾತ್ರೆಯೇ ಅದು.

ಆದರೆ ಆಟದ ಮೈದಾನಕ್ಕೆ ಬರುವ ಅಪಾಯದ ವೇಷವೇ ಬೇರೆ. ಅದು ಅಮಲಿನ ರೂಪದಲ್ಲಿ ಬರುವುದಿಲ್ಲ, ಶಕ್ತಿಯ ರೂಪದಲ್ಲಿ ಬರುತ್ತದೆ. ರಾತ್ರಿ ಹನ್ನೊಂದಕ್ಕೆ ಹೋಟೆಲಿನ ಬಾಗಿಲೆಳೆದು, ನೆಲ ತೊಳೆದು, ಒಂದು ಗಂಟೆಗೆ ಮಲಗಿದ ಹುಡುಗನನ್ನು ಐದು ಗಂಟೆಗೆ ಅಭ್ಯಾಸಕ್ಕೆ ಎಬ್ಬಿಸಿದರೆ ಅವನ ಮೈ ಏಳುವುದೆಂತು? ಅಂಥ ವೇಳೆಯಲ್ಲಿ ವ್ಯಾಯಾಮಶಾಲೆಯ ಯಾರೋ ಪರಿಚಿತನು, ‘ಒಂದು ಸೂಜಿ ಚುಚ್ಚಿಸಿಕೋ, ಮಾರಾಯ, ದಣಿವೆಂಬುದೇ ಇರುವುದಿಲ್ಲ’ ಎನ್ನುತ್ತಾನೆ. ಹಾಗೆ ಕೈಗೆ ಬರುವ ಮದ್ದುಗಳಲ್ಲಿ ಮೆಫೆಂಟರ್ಮಿನ್ ಎಂಬುದು ಮುಖ್ಯವಾದುದು. ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆ ಅರಿವಳಿಕೆಯಿಂದ ರೋಗಿಯ ರಕ್ತದೊತ್ತಡ ಕುಸಿದಾಗ ಅದನ್ನು ಮೇಲೆತ್ತಲು ವೈದ್ಯರು ಕೊಡುವ ಔಷಧವಿದು. ಕುಸಿಯದೆ ಇರುವ ಒತ್ತಡವನ್ನು ಎತ್ತಿದರೆ ಆಗುವುದೇನೆಂದು ಹೇಳಬೇಕಾಗಿಲ್ಲ. ಎದೆ ಬಡಿತ ಹೆಚ್ಚುತ್ತದೆ, ನಿದ್ರೆ ಹಾರುತ್ತದೆ. ದಣಿವು ಹೋಗುವುದಿಲ್ಲ, ದಣಿವಿನ ಅರಿವು ಮಾತ್ರ ಹೋಗುತ್ತದೆ. ಕೆಲವರಿಗೆ ಇಲ್ಲದ ಸಂಶಯಗಳು, ಇಲ್ಲದ ದನಿಗಳು ಕಾಡತೊಡಗುತ್ತವೆ. ಒಂದೇ ಸೂಜಿಯನ್ನು ಮೂವರು ಹಂಚಿಕೊಂಡರೆ ಎಚ್.ಐ.ವಿ. ಮತ್ತು ಕಾಮಾಲೆಯ ರೋಗಾಣುಗಳೂ ಹಂಚಿಕೆಯಾಗುತ್ತವೆ. ಜಾಗತಿಕ ಉದ್ದೀಪನ ತಡೆ ಸಂಸ್ಥೆಯ ನಿಷೇಧ ಪಟ್ಟಿಯಲ್ಲಿಯೂ ಈ ಮದ್ದಿನ ಹೆಸರಿದೆ.

ಸಣ್ಣ ಕೂಟಗಳಲ್ಲಿ ಇದೆಲ್ಲ ನಡೆಯುವುದಿಲ್ಲವೆಂಬ ಭ್ರಮೆಯನ್ನು 2023ರ ಸೆಪ್ಟೆಂಬರದಲ್ಲಿ ದೆಹಲಿ ರಾಜ್ಯದ ಅಥ್ಲೆಟಿಕ್ ಕೂಟವು ಹರಿಯಿತು. ಪರೀಕ್ಷಕರು ಬಂದಿರುವರೆಂಬ ಸುದ್ದಿ ಹಬ್ಬಿದೊಡನೆ ಸ್ಪರ್ಧಿಗಳು ಒಬ್ಬೊಬ್ಬರಾಗಿ ಮಾಯವಾಗಿ, ಪುರುಷರ ನೂರು ಮೀಟರ್ ಅಂತಿಮ ಓಟದಲ್ಲಿ ಓಡಿದವನು ಒಬ್ಬನೇ! ನಗು ಬರುವ ಸಂಗತಿಯಾದರೂ ನಗುವಂಥದಲ್ಲ. 2024ರಲ್ಲಿ ಭಾರತದಲ್ಲಿ ಪರೀಕ್ಷಿಸಿದ 7,113 ಮಾದರಿಗಳಲ್ಲಿ 260ರಲ್ಲಿ ನಿಷಿದ್ಧ ವಸ್ತುಗಳು ಕಂಡುಬಂದವು.

ನಮ್ಮ ಊರಿನ ಉದಾಹರಣೆಯೂ ಒಂದಿದೆ. ನೆನೆದರೆ ಇಂದಿಗೂ ನೋವಾಗುತ್ತದೆ. ಕುಂದಾಪುರದ ಕಡೆಯ ಸಿದ್ದಾಪುರ ಸಮೀಪದ ಜನ್ಸಾಲೆಯ ಅಶ್ವಿನಿ ಅಕ್ಕುಂಜೆಯವರು 2010ರಲ್ಲಿ ಕಾಮನ್‌ವೆಲ್ತ್ ಕೂಟದ ರಿಲೇಯಲ್ಲಿಯೂ, ಗ್ವಾಂಗ್‌ಜೂ ಏಷ್ಯನ್ ಕೂಟದ ಹರ್ಡಲ್ಸ್ ಮತ್ತು ರಿಲೇಗಳಲ್ಲಿಯೂ ಚಿನ್ನ ಗೆದ್ದಾಗ ಕನ್ನಡಿಗರೆಲ್ಲ ಹೆಮ್ಮೆಪಟ್ಟರು. ಮರುವರ್ಷ ಅವರ ಮಾದರಿಯಲ್ಲಿ ಮೆಥಾಂಡಿಯನೋನ್ ಎಂಬ ಸ್ಟೆರಾಯ್ಡ್ ಕಂಡುಬಂತು. ವಿದೇಶೀ ತರಬೇತುದಾರರು ಚೀನದಿಂದ ತಂದಿತ್ತ ಜಿನ್ಸೆಂಗ್‌ನಲ್ಲಿ ಅದು ಬೆರೆತಿತ್ತೆಂಬುದು ಓಟಗಾರ್ತಿಯರ ವಾದ. ಭಾರತದ ಶಿಸ್ತು ಸಮಿತಿ ಒಂದು ವರ್ಷದ ನಿಷೇಧ ವಿಧಿಸಿತು. ಅಂತರರಾಷ್ಟ್ರೀಯ ಕ್ರೀಡಾ ನ್ಯಾಯಮಂಡಳಿ 2012ರಲ್ಲಿ ಅದನ್ನು ಎರಡು ವರ್ಷಕ್ಕೆ ಏರಿಸಿತು. ಮೈಯೊಳಗೆ ಸಿಕ್ಕಿದ್ದಕ್ಕೆ ಆಟಗಾರನೇ ಹೊಣೆಯೆಂಬುದು ಅಲ್ಲಿಯ ನಿಯಮ. ಗುರುವಿನ ಮೇಲಿನ ನಂಬಿಕೆಗೂ ಅದು ರಿಯಾಯಿತಿ ಕೊಡದು. ಏಷ್ಯಾದ ಚಾಂಪಿಯನ್ನರಿಗೇ ಹೀಗಾಗುವುದಾದರೆ, ಡಬ್ಬಿಯ ಮೇಲಿನ ಚೀಟಿಯನ್ನೂ ಓದದೆ ಪುಡಿ ಕಲಸಿ ಕುಡಿಯುವ ನಮ್ಮ ಹುಡುಗರ ಗತಿಯೇನು?

ಇನ್ನು ಆ ಸೂಜಿಯ ಮಾತಿಗೆ ಬರೋಣ. ಹೆಚ್ಚಿನ ಕ್ಲಬ್ಬುಗಳಲ್ಲಿ ನಡೆಯುವುದು ಎರಡರಲ್ಲಿ ಒಂದು: ಮರ್ಯಾದೆಗಂಜಿ ಮುಚ್ಚಿಹಾಕುವುದು, ಅಥವಾ ಸಿಕ್ಕವನನ್ನು ಹಿಡಿದು ಬಡಿದು ಹೊರಹಾಕುವುದು. ಎರಡನೆಯದನ್ನು ಶೌರ್ಯವೆಂದು ಎಣಿಸುವವರೂ ಇದ್ದಾರೆ. ಆದರೆ ಪರವೂರಿನ ಹೋಟೆಲ್ ಕಾರ್ಮಿಕನ ಸ್ಥಿತಿಯನ್ನು ಬಲ್ಲವರು ಹಾಗೆ ಮಾಡಲಾರರು. ಅವನಿಗೆ ಕೆಲಸ, ಊಟ, ಮಲಗುವ ಜಾಗ, ಗೆಳೆಯರು ಎಲ್ಲವೂ ಒಂದೇ ದಾರದಲ್ಲಿ ಪೋಣಿಸಿದವು. ಕ್ಲಬ್ಬಿನಲ್ಲಿ ಗುಲ್ಲಾದ ಸುದ್ದಿ ಸಂಜೆಯೊಳಗೆ ಧಣಿಗಳ ಕಿವಿಗೆ ಮುಟ್ಟಿದರೆ, ರಾತ್ರಿ ಟ್ರಂಕು ಬೀದಿಗೆ ಬರುತ್ತದೆ. ಆಮೇಲೆ ಅವನಿಗೆ ಬಾಗಿಲು ತೆರೆಯುವವನು ಮದ್ದು ಮಾರಿದವನೊಬ್ಬನೇ.

ಆದುದರಿಂದ ಮೊದಲು ಹಿರಿಯರಾದ ಇಬ್ಬರು ಅವನನ್ನು ಬೇರೆ ಕೂರಿಸಿಕೊಂಡು ಮಾತಾಡಬೇಕು. ‘ಏನೋ ತಮ್ಮಾ, ರಾತ್ರಿ ನಿದ್ರೆ ಬರುತ್ತದೆಯೇ? ಎಷ್ಟು ದಿನದಿಂದ ಹೀಗೆ?’ ಎಂಬ ಪ್ರಶ್ನೆಗೆ ಬರುವ ಉತ್ತರವು, ‘ಯಾಕೆ ತೆಗೆದುಕೊಂಡೆ?’ ಎಂಬ ಗದರಿಕೆಗೆ ಬಾರದು. ನಿದ್ರೆಯ ಮಾತ್ರೆಯ ಚಟವಾಗಿದ್ದರೆ ‘ಇಂದಿನಿಂದಲೇ ನಿಲ್ಲಿಸು’ ಎಂದು ಆಣೆ ಹಾಕಿಸುವುದು ಅಪಾಯಕರ. ಬಹುದಿನ ಸೇವಿಸಿ ಥಟ್ಟನೆ ಬಿಟ್ಟವರಿಗೆ ಅಪಸ್ಮಾರದಂತೆ ಸೆಳವು ಬರುವುದುಂಟು. ಅದನ್ನು ಇಳಿಸುವ ಕ್ರಮ ವೈದ್ಯರಿಗೆ ಗೊತ್ತು. ಸಂಭಾಜಿನಗರದವರಿಗೆ ‘ಘಾಟಿ’ ಎಂದು ಹೆಸರಾದ ಸರಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಿದೆ, ನಾಶಿಕದವರಿಗೆ ಸಿವಿಲ್ ಆಸ್ಪತ್ರೆಯಿದೆ. ಪುಣೆಯಲ್ಲಿ ಡಾ. ಅನಿತಾ ಅವಚಟ ಹಾಗೂ ಅನಿಲ ಅವಚಟ ದಂಪತಿಗಳು 1986ರಲ್ಲಿ ಆರಂಭಿಸಿದ ‘ಮುಕ್ತಾಂಗಣ’ ವ್ಯಸನಮುಕ್ತಿ ಕೇಂದ್ರವಿದೆ. ವ್ಯಸನಮುಕ್ತಿಯ ಶುಲ್ಕರಹಿತ ದೂರವಾಣಿ 14446. ಮರಾಠಿ ಹಿಂದಿಗಳಲ್ಲಿ ಮನಸ್ಸು ಬಿಚ್ಚಲಾರದವನು 14416ಕ್ಕೆ, ಅಂದರೆ ‘ಟೆಲಿ ಮಾನಸ್’ ಸೇವೆಗೆ, ಕರೆಮಾಡಿ ಕನ್ನಡದಲ್ಲಿಯೇ ಮಾತಾಡಬಹುದು.

ಎದೆನೋವು, ಉಸಿರಾಟದ ತೊಂದರೆ, ಮೈಸುಡುವಿಕೆ, ಪ್ರಜ್ಞೆ ತಪ್ಪುವುದು ಕಂಡರೆ ಮಾತುಕತೆಗೆ ಸಮಯವಿಲ್ಲ: 108ಕ್ಕೆ ಕರೆಮಾಡಬೇಕು. ಪ್ರಜ್ಞೆಯಿಲ್ಲದವನನ್ನು ಮಗ್ಗುಲಾಗಿ ಮಲಗಿಸಬೇಕು, ಒಬ್ಬನನ್ನೇ ಬಿಡಬಾರದು. ನಮ್ಮವರ ಅಭ್ಯಾಸದಂತೆ ಬಾಯಿಗೆ ಮಜ್ಜಿಗೆ, ಲಿಂಬೆರಸ ಹೊಯ್ಯಬಾರದು. ಅದು ಶ್ವಾಸನಾಳಕ್ಕೆ ಇಳಿಯುತ್ತದೆ. ಏನು ಸೇವಿಸಿದ್ದನೆಂಬುದನ್ನು ವೈದ್ಯರಿಗೆ ಮುಚ್ಚಿಡದೆ ಹೇಳಬೇಕು. ಶೀಷೆ ಸಿಕ್ಕಿದರೆ ಅದನ್ನೂ ಒಯ್ಯಬೇಕು.

ಕಾನೂನಿನ ಭಯವೂ ಹಲವರನ್ನು ಬಾಧಿಸುತ್ತದೆ. 1985ರ ಮಾದಕ ದ್ರವ್ಯ ಕಾಯಿದೆಯ 64-ಎ ಕಲಮಿನಂತೆ, ಅಲ್ಪ ಪ್ರಮಾಣದ ಪ್ರಕರಣದಲ್ಲಿ ಸಿಕ್ಕ ವ್ಯಸನಿಯು ತಾನಾಗಿಯೇ ಮಾನ್ಯತೆ ಪಡೆದ ಆಸ್ಪತ್ರೆಯಲ್ಲಿ ಚಿಕಿತ್ಸೆಗೆ ಒಳಗಾದರೆ ಮೊಕದ್ದಮೆಯಿಂದ ವಿನಾಯಿತಿಯುಂಟು. ಅರ್ಧಕ್ಕೆ ಬಿಟ್ಟರೆ ವಿನಾಯಿತಿ ಹೋಗಬಹುದು. ಆದರೆ ಅದೇ ಕಾಯಿದೆಯ 25ನೆಯ ಕಲಮನ್ನು ಪದಾಧಿಕಾರಿಗಳು ಗಮನಿಸಬೇಕು. ತಮ್ಮ ಅಧೀನದ ಕೋಣೆಯಲ್ಲಿ ಇಂಥ ಅಪರಾಧ ನಡೆಯಲು ತಿಳಿದೂ ಬಿಟ್ಟವರಿಗೆ ಆ ಅಪರಾಧದ ಶಿಕ್ಷೆಯೇ ಅನ್ವಯಿಸುತ್ತದೆ. ಆದಕಾರಣ ಸೇವಿಸುವವನಿಗೆ ಆಸ್ಪತ್ರೆ, ಮಾರುವವನಿಗೆ ಪೊಲೀಸು ಎಂಬ ಭೇದವನ್ನು ಕ್ಲಬ್ಬು ಸ್ಪಷ್ಟವಾಗಿ ಇಟ್ಟುಕೊಳ್ಳುವುದು ಲೇಸು. ಮಾರುವವನ ಸುದ್ದಿ ತಿಳಿಸಲು ಮಾದಕ ದ್ರವ್ಯ ನಿಯಂತ್ರಣ ಬ್ಯೂರೋ 2024ರಲ್ಲಿ ಆರಂಭಿಸಿದ 1933 ಎಂಬ ಸಂಖ್ಯೆಯಿದೆ.

ತಡೆಗಟ್ಟುವ ವಿಷಯದಲ್ಲಿ ಭಾಷಣಗಳಿಂದ ಆಗುವ ಪ್ರಯೋಜನ ಅಲ್ಪವೆಂದೇ ನಮ್ಮ ಅಭಿಪ್ರಾಯ. ಅದಕ್ಕಿಂತ, ರಾತ್ರಿಪಾಳಿಯ ಹುಡುಗರಿಗೆ ಮಧ್ಯಾಹ್ನದ ಬಿಡುವಿನಲ್ಲಿ ಅಭ್ಯಾಸವಿಡಲಿ. ಕೋಣೆಯ ಬೀಗದ ಕೈ ಹತ್ತು ಜನರಲ್ಲಿರದೆ ಇಬ್ಬರಲ್ಲಿರಲಿ. ಕ್ಲಬ್ಬಿನೊಳಗೆ ಯಾರೂ ಯಾರಿಗೂ ಸೂಜಿ ಚುಚ್ಚಕೂಡದೆಂಬ ನಿಯಮವನ್ನು ಸದಸ್ಯತ್ವದ ಅರ್ಜಿಯಲ್ಲೇ ಬರೆಯಲಿ. ಪಂದ್ಯದ ಹಿಂದಿನ ರಾತ್ರಿ ಆಟಗಾರನಿಗೆ ಬೇಗ ಬಿಡುವು ಕೊಡಿರೆಂದು ಧಣಿಗಳನ್ನು ಕೇಳಲು ಅಧ್ಯಕ್ಷರು ಸಂಕೋಚಪಡಬೇಕಾದುದಿಲ್ಲ.

ಚಿಕಿತ್ಸೆಗೆ ಹೋದವನು ವಾರಗಳ ಬಳಿಕ ಮರಳುತ್ತಾನೆ. ಅಷ್ಟು ದಿನ ಅವನ ಕೆಲಸದ ಜಾಗವನ್ನು ಉಳಿಸಿಕೊಡುವಂತೆ ಕ್ಲಬ್ಬಿನ ಪರವಾಗಿ ಧಣಿಗಳೊಡನೆ ಮಾತಾಡುವವರು ಯಾರು, ಊರಿಗೆ ಹೋಗಬೇಕಾದ ತಿಂಗಳ ಮನಿಯಾರ್ಡರನ್ನು ಯಾವ ನಿಧಿಯಿಂದ ಕಳಿಸುವುದು, ಎಂಬುದನ್ನು ಅವನು ಹೊರಡುವ ಮೊದಲೇ ನಿರ್ಧರಿಸಿರಬೇಕು. ಬಂದೊಡನೆ ಅಂಗಳಕ್ಕಿಳಿಸದೆ, ಕೆಲಕಾಲ ಅಂಕದ ಪುಸ್ತಕವನ್ನು ಅವನ ಕೈಗೆ ಕೊಟ್ಟು ಮೇಜಿನ ಬಳಿ ಕೂರಿಸಬಹುದು.